ವಲಸೆ ಹೋದ ಗಂಡಸರು ಮತ್ತು ಹೃದಯದ ಆರೈಕೆ: ‘ನನಗೇನಾಗಿದೆ, ಗಟ್ಟಿಯಾಗಿದ್ದೀನಿ’ ಅನ್ನೋರ ಜೊತೆ ಎಲ್ಲಿಂದ ಶುರು ಮಾಡೋದು?

ಅಳತೆಪಟ್ಟಿ:
ದುಡಿಮೆಗೆಂದು ಬೇರೆ ದೇಶಕ್ಕೆ ಹೋಗಿ ನೆಲೆಸಿದ ಗಂಡಸರ ಜೊತೆ ಕೆಲಸ ಮಾಡೋ ನರ್ಸ್, ಫಾರ್ಮಸಿಸ್ಟ್, ದುಭಾಷಿ, ಫಿಸಿಯೋ ಹಲವರು ಅಡ್ಡಹೆಸರಿನಲ್ಲಿ ಬರೆಯೋ ಈ ಬಳಗದಲ್ಲಿದ್ದೀರಿ. ‘ಎಣ್ಣೆ ಕಡಿಮೆ ಮಾಡಿ, ಟೆನ್ಷನ್ ಬಿಡಿ’ ಅನ್ನೋ ಉಪದೇಶ ಎಲ್ಲ ಕಡೆ ಸಿಗುತ್ತೆ, ಇಲ್ಲಿ ಬೇಡ. ನಮ್ಮ ನಮ್ಮ ಕಥೆಯೂ ಬೇಡ. ಯಾವ ಅಂಕಿ, ಯಾವ ಕ್ರಮ, ಎಲ್ಲಿ ಎಡವುತ್ತೆ, ಯಾಕೆ ಅನ್ನೋದನ್ನು ಬರೆಯಿರಿ.

ನಾನು ಶುರು ಮಾಡ್ತೀನಿ. ಧೈರ್ಯಕ್ಕೆ ನಾವು ‘ಗುಂಡಿಗೆ’, ‘ಎದೆಗಾರಿಕೆ’ ಅಂತೀವಿ, ಹೆದರಿದವನನ್ನು ‘ಎದೆಗುಂದಿದ’ ಅಂತೀವಿ. ಅಂಗದ ಹೆಸರೇ ಗಂಡಸುತನದ ಹೆಸರಾಗಿರುವಾಗ ‘ನನ್ನ ಎದೆ ಸರಿಯಿಲ್ಲ’ ಅಂತ ಬಾಯಿಬಿಡೋದು ಅಷ್ಟು ಸುಲಭವಲ್ಲ. ಅದಕ್ಕೆ ‘ಆರೈಕೆ’ ಅನ್ನೋ ಪದವನ್ನೇ ನಾನು ಮೊದಲ ಭೇಟಿಯಲ್ಲಿ ಎತ್ತಲ್ಲ. ಆರೈಕೆ ಅಂದರೆ ಯಾರೋ ನೋಡಿಕೊಳ್ಳಬೇಕಾದ ಸ್ಥಿತಿ ಅಂತ ಕೇಳಿಸುತ್ತೆ. ಅಳತೆ ಅಂದರೆ ತನ್ನ ಕೈಯಲ್ಲಿರೋ ಕೆಲಸ.

ಸೊಂಟದ ಅಳತೆಗೆ ಒಂದು ಟೇಪ್ ಸಾಕು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುವೆ, ಬರಿ ಮೈಮೇಲೆ, ಸಹಜವಾಗಿ ಉಸಿರು ಬಿಟ್ಟ ಕ್ಷಣದಲ್ಲಿ. ಪ್ಯಾಂಟಿನ ಸೈಜ್ ಹೇಳೋರನ್ನು ನಂಬಬೇಡಿ, ಹೊಟ್ಟೆ ಇಳಿಬಿದ್ದಂತೆ ಬೆಲ್ಟ್ ಕೆಳಗಿಳಿಯುತ್ತೆ, ಸೈಜ್ ಹಾಗೇ ಉಳಿಯುತ್ತೆ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ ಗೆರೆ ಯುರೋಪಿಯನ್ ಮೂಲದ ಗಂಡಸರಿಗೆ 94 ಸೆಂ.ಮೀ., ದಕ್ಷಿಣ ಏಷ್ಯಾ ಮತ್ತು ಚೀನಾ ಮೂಲದವರಿಗೆ 90. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಕೂಡ ಹಾಗೇ. 25ರ ಕೆಳಗಿದ್ದರೆ ಸರಿ ಅಂತ ಗೋಡೆಯ ಚಾರ್ಟ್ ಹೇಳುತ್ತೆ, ಆದರೆ ಏಷ್ಯಾ ಮೂಲದವರಿಗೆ 23ರಿಂದಲೇ ಎಚ್ಚರ, 27.5ರಿಂದ ಹೆಚ್ಚಿನ ಅಪಾಯ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಕೊಟ್ಟ ಅಂಕಿ. ತೆಳ್ಳಗಿದ್ದೂ ಹೊಟ್ಟೆ ಮುಂದಿರೋ ಗಂಡಸು ಆ ಚಾರ್ಟಿನಲ್ಲಿ ಪಾಸಾಗಿಬಿಡ್ತಾನೆ.

ಇನ್ನೊಂದು ವಿಷಯ. ‘ಇವರ ಸಂಸ್ಕೃತಿಯೇ ಹೀಗೆ, ಅದಕ್ಕೇ ಹೃದಯ ಕೆಡುತ್ತೆ’ ಅನ್ನೋ ಮಾತನ್ನು ದಯವಿಟ್ಟು ಬಿಡಿ. ಜಪಾನ್, ಹೊನೊಲುಲು, ಸ್ಯಾನ್ ಫ್ರಾನ್ಸಿಸ್ಕೊ ಮೂರೂ ಕಡೆಯ ಜಪಾನಿ ಗಂಡಸರನ್ನು ಹೋಲಿಸಿದ ನಿ-ಹಾನ್-ಸಾನ್ ಅಧ್ಯಯನದಲ್ಲಿ ಪಶ್ಚಿಮಕ್ಕೆ ಹೋದ ಹಾಗೆ ಹೃದಯದ ಕಾಯಿಲೆ ಏರಿತು ನಿಜ. ಆದರೆ ಕ್ಯಾಲಿಫೋರ್ನಿಯಾದವರ ಲೆಕ್ಕವನ್ನೇ ಸಂಶೋಧಕರಾದ ಮಾರ್ಮಟ್ ಮತ್ತು ಸೈಮ್ 1976ರಲ್ಲಿ ಬಿಡಿಸಿ ನೋಡಿದಾಗ, ತಮ್ಮವರ ನಂಟನ್ನು ಗಟ್ಟಿಯಾಗಿ ಉಳಿಸಿಕೊಂಡವರಲ್ಲಿ ಕಾಯಿಲೆ ಜಪಾನಿನಷ್ಟೇ ಕಡಿಮೆ ಇತ್ತು. ಹೊಸ ಬದುಕಿಗೆ ಪೂರ್ತಿ ಒಗ್ಗಿದವರಲ್ಲಿ ಅದು ಮೂರರಿಂದ ಐದು ಪಟ್ಟು. ಬಿಪಿ, ಹೊಗೆ, ಕೊಲೆಸ್ಟ್ರಾಲ್ ಲೆಕ್ಕ ಹಾಕಿದ ಮೇಲೂ ಆ ಅಂತರ ಉಳಿಯಿತು.

ದುಭಾಷಿ:
ತುರ್ತು ಕರೆಯ ವಿಷಯ ಮೊದಲು ಮುಗಿಸಿಬಿಡೋಣ, ಜೀವ ಹೋಗೋದು ಅಲ್ಲೇ.

ಫೋನಿನಲ್ಲಿ ಕೇಳೋದು ‘ಎದೆ ನೋವಿದೆಯಾ?’ ಗಂಡಸು ‘ಇಲ್ಲ’ ಅಂತಾನೆ. ಸುಳ್ಳು ಹೇಳ್ತಿಲ್ಲ. ಅವನ ಲೆಕ್ಕದಲ್ಲಿ ನೋವು ಅಂದರೆ ಚುಚ್ಚಬೇಕು, ಕೂಗುವಂತಿರಬೇಕು. ಇದು ಹಿಂಡಿದ ಹಾಗೆ, ಯಾರೋ ಮೇಲೆ ಕೂತ ಹಾಗೆ, ಪಟ್ಟಿ ಬಿಗಿದ ಹಾಗೆ, ಇಲ್ಲಾ ಹೊಟ್ಟೆ ಮೇಲ್ಭಾಗದಲ್ಲಿ ಉರಿ. ‘ಗ್ಯಾಸ್’ ಅಂತ ತಾನೇ ರೋಗ ನಿರ್ಣಯ ಮಾಡಿ ಮುಗಿಸಿರ್ತಾನೆ. ಆದ್ದರಿಂದ ನೋವು ಅನ್ನೋ ಪದಕ್ಕೆ ಜೋತುಬೀಳಬೇಡಿ. ‘ಎದೆಯಲ್ಲಿ ಒತ್ತಡ, ಬಿಗಿತ, ಭಾರ, ಏನಾದ್ರೂ ಬೇರೆ ಥರ ಇದೆಯಾ? ತೋಳು, ದವಡೆ, ಬೆನ್ನಿಗೆ ಹೋಗುತ್ತಾ? ತಣ್ಣನೆ ಬೆವರು? ಉಸಿರು ಸಾಲ್ತಿಲ್ವಾ?’ ಹೀಗೆ ಒಂದೊಂದಾಗಿ ಕೇಳಿ. ಸಕ್ಕರೆ ಕಾಯಿಲೆ ಇರೋರಲ್ಲಿ ನೋವು ಮಂದವಾಗಿರಬಹುದು, ಬರೀ ಬೆವರು ಮತ್ತು ಸುಸ್ತು ಕಾಣಿಸಬಹುದು.

ಅನುವಾದ ಮಾಡೋರಿಗೂ ಒಂದು ಮಾತು. ‘ಎದೆ ಭಾರ ಆಗಿದೆ’ ಅಂದರೆ ನಮ್ಮಲ್ಲಿ ದುಃಖ ಅಂತಲೂ ಅರ್ಥ. ಅದನ್ನು ಮನಸ್ಸಿನ ಸಂಕಟ ಅಂತ ದಾಟಿಸಿದರೆ ರೋಗಿ ಬೇರೆ ಸರತಿಗೆ ಹೋಗ್ತಾನೆ. ಕೈ ಎಲ್ಲಿಟ್ಟು ಹೇಳ್ತಿದ್ದಾನೆ ನೋಡಿ, ಅದನ್ನೂ ಸೇರಿಸಿ ಹೇಳಿ: ‘ಎದೆಯ ನಡುವೆ ಮುಷ್ಟಿ ಒತ್ತಿ ತೋರಿಸ್ತಿದ್ದಾರೆ.’

ಕರೆ ಮಾಡುವಾಗ ಕ್ರಮ ಹೀಗಿರಲಿ. ಮೊದಲು ವಿಳಾಸ, ಮಹಡಿ, ಬಾಗಿಲ ನಂಬರ್. ಲೈನ್ ಕಡಿದರೂ ಗಾಡಿ ಹೊರಡಬೇಕಲ್ಲ. ಆಮೇಲೆ ‘ಹೃದಯಾಘಾತ ಇರಬಹುದು’ ಅನ್ನೋ ಒಂದೇ ವಾಕ್ಯ. ಇದನ್ನು ಆ ದೇಶದ ಭಾಷೆಯಲ್ಲಿ ಬಾಯಿಪಾಠ ಮಾಡಿಸಿಡಬೇಕು. ಮೂರನೆಯದು ತನ್ನ ಭಾಷೆಯ ಹೆಸರು ಮತ್ತು ‘ದುಭಾಷಿ ಬೇಕು’. ಎಷ್ಟು ನಿಮಿಷದಿಂದ ಇದೆ ಅನ್ನೋದು ನಾಲ್ಕನೆಯದು. ಅವರೇ ಇಡಿ ಅನ್ನೋ ತನಕ ಫೋನ್ ಇಡಬಾರದು. ಮುಂಬಾಗಿಲ ಚಿಲಕ ತೆಗೆದಿಟ್ಟು ಕೂರಬೇಕು. ಬ್ರಿಟನ್ನಿನಲ್ಲಿ 999, ಅಮೆರಿಕ ಮತ್ತು ಕೆನಡಾದಲ್ಲಿ 911, ಆಸ್ಟ್ರೇಲಿಯಾದಲ್ಲಿ 000, ಯುರೋಪಿಯನ್ ಒಕ್ಕೂಟದಲ್ಲಿ 112. ಅಲರ್ಜಿ ಇಲ್ಲದಿದ್ದರೆ, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ, ಫೋನಿನವರು ಹೇಳಿದ ಮೇಲೆ 300 ಮಿ.ಗ್ರಾಂ ಆಸ್ಪಿರಿನ್ ಅಗಿದು ನುಂಗಬೇಕು. ಇಡಿಯಾಗಿ ನುಂಗಿದರೆ ನಿಧಾನ.

‘ನಾನೇ ಓಡಿಸಿಕೊಂಡು ಹೋಗ್ತೀನಿ’ ಅನ್ನೋದು ಇಲ್ಲಿ ಗಂಡಸುತನದ ಅತಿ ದುಬಾರಿ ವಾಕ್ಯ. ಹೃದಯಾಘಾತದ ಮೊದಲ ಗಂಟೆಗಳಲ್ಲಿ ಬಡಿತದ ತಾಳ ತಪ್ಪಿ ಹೃದಯ ನಿಂತರೆ ಬೇಕಾಗೋದು ಡಿಫಿಬ್ರಿಲೇಟರ್, ಅಂದರೆ ಶಾಕ್ ಕೊಟ್ಟು ಬಡಿತ ಸರಿಪಡಿಸೋ ಯಂತ್ರ. ಅದು ಆಂಬುಲೆನ್ಸಿನಲ್ಲಿರುತ್ತೆ, ಕಾರಿನಲ್ಲಿ ಇರಲ್ಲ.

ಒರಟುಮಾತು:
ಎಲ್ಲ ಸರಿ ಸಾರ್. ಆದರೆ ಇಂಥವರಿಗೆ ಅಂಕಿ ನಾಟಲ್ಲ. ‘ನಿಮಗೇನಾದ್ರೂ ಆದರೆ ಹೆಂಡತಿ ಮಕ್ಕಳ ಗತಿ?’ ಅಂತ ಒಂದೇ ಮಾತು ನಾಟೋದು. ಎಲ್ಲ ಪ್ರಚಾರದಲ್ಲೂ ಅದನ್ನೇ ಬಳಸ್ತಾರೆ.

ಅಳತೆಪಟ್ಟಿ:
ನಾಟುತ್ತೆ, ಒಪ್ತೀನಿ. ಆದರೆ ಯಾವ ದಿಕ್ಕಿಗೆ ಅನ್ನೋದು ಪ್ರಶ್ನೆ. ಮನೆ ನಡೆಸೋ ಹೊಣೆ ಅವನನ್ನು ಪರೀಕ್ಷೆಗೆ ತರುತ್ತೆ. ಅದೇ ಹೊಣೆ ರಿಪೋರ್ಟ್ ಕೆಟ್ಟದಾಗಿ ಬಂದಾಗ ಮುಚ್ಚಿಡೋ ಹಾಗೂ ಮಾಡುತ್ತೆ: ವೀಸಾಕ್ಕೆ ತೊಂದರೆ ಆಗುತ್ತೇನೋ, ಓವರ್‌ಟೈಮ್ ಹೋಗುತ್ತೇನೋ, ಊರಿಗೆ ಕಳಿಸೋ ಹಣ ನಿಲ್ಲುತ್ತೇನೋ ಅಂತ. ಹೆದರಿಸಿ ಕರೆತಂದವನು ಎರಡನೇ ಸಲ ಬರಲ್ಲ. ‘ಏಳು ದಿನದ ಬಿಪಿ ಬರೆದು ತನ್ನಿ’ ಅಂತ ಕೆಲಸ ಕೊಟ್ಟರೆ, ಕಾಗದ ಕೊಡೋಕಾದರೂ ಬರ್ತಾನೆ.

ಬಿಪಿ ಬಗ್ಗೆ ಯಾರಾದ್ರೂ ಸರಿಯಾಗಿ ಬರೀರಿ. ಅರ್ಧ ಅಂಕಿಗಳು ತಪ್ಪಾಗೇ ಬರ್ತವೆ.

ಎದೆಬಡಿತ:
ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ.

ಯಂತ್ರ ತೋಳಿನದ್ದೇ ಇರಲಿ, ಮಣಿಕಟ್ಟಿನದ್ದು ಬೇಡ. ಭುಜದ ತುದಿ ಮತ್ತು ಮೊಣಕೈ ನಡುವಿನ ಜಾಗದಲ್ಲಿ ತೋಳಿನ ಸುತ್ತಳತೆ ತಗೊಂಡು, ತೋಳಿಗೆ ಸುತ್ತೋ ಪಟ್ಟಿಯ (ಕಫ್) ಮೇಲೆ ಬರೆದಿರೋ ಅಳತೆಗೆ ಹೊಂದಿಸಿ. ಡಬ್ಬದಲ್ಲಿ ಬರೋ ಪಟ್ಟಿ ಸಾಮಾನ್ಯವಾಗಿ 22ರಿಂದ 32 ಸೆಂ.ಮೀ. ತೋಳಿಗೆ. ಭಾರ ಎತ್ತೋ ಕೆಲಸದವರ ತೋಳು ಇದಕ್ಕೆ ಹಿಡಿಸಲ್ಲ. ಪಟ್ಟಿ ಚಿಕ್ಕದಾದಷ್ಟೂ ಅಂಕಿ ಸುಳ್ಳೇ ಏರುತ್ತೆ: 2023ರ ಒಂದು ಪ್ರಯೋಗದಲ್ಲಿ, ಅತಿ ದೊಡ್ಡ ಪಟ್ಟಿ ಬೇಕಿದ್ದವರಿಗೆ ಸಾಮಾನ್ಯ ಪಟ್ಟಿ ಸುತ್ತಿದಾಗ ಮೇಲಿನ ಅಂಕಿ ಸರಾಸರಿ 19.5ರಷ್ಟು ಜಾಸ್ತಿ ತೋರಿಸಿತ್ತು. ಇಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳೋ ವಿಷಯ ‘ದಪ್ಪ ತೋಳು’ ಒಂದೇ, ಹಾಗಾಗಿ ದೊಡ್ಡ ಪಟ್ಟಿ ಕೇಳಿಸೋದು ಕಷ್ಟವಲ್ಲ.

ಅಳೆಯೋಕೆ ಮುಂಚಿನ ಅರ್ಧ ಗಂಟೆ ಕಾಫಿ, ಸಿಗರೇಟ್, ಮೆಟ್ಟಿಲು ಹತ್ತೋದು ಬೇಡ. ಮೂತ್ರ ಮಾಡಿ ಬಂದು ಕೂರಬೇಕು. ಬೆನ್ನಿಗೆ ಆಸರೆ, ಪಾದ ಎರಡೂ ನೆಲದ ಮೇಲೆ, ಕಾಲಮೇಲೆ ಕಾಲು ಹಾಕಬಾರದು, ತೋಳು ಬರಿದಾಗಿರಬೇಕು, ಮೇಜಿನ ಮೇಲೆ ಹೃದಯದ ಮಟ್ಟಕ್ಕೆ. ತೋಳು 10 ಸೆಂ.ಮೀ. ಕೆಳಗಿದ್ದರೆ ಸುಮಾರು 7-8 ಅಂಕ ಏರಿಬಿಡುತ್ತೆ. ಐದು ನಿಮಿಷ ಸುಮ್ಮನೆ ಕೂರಬೇಕು. ಫೋನ್ ನೋಡೋದು, ಮಾತಾಡೋದು ಎರಡೂ ಬೇಡ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ, ಬೆಳಿಗ್ಗೆ ಮಾತ್ರೆಗೆ ಮುಂಚೆ ಮತ್ತು ಸಂಜೆ, ಏಳು ದಿನ. ಮೊದಲ ದಿನದ್ದು ಬಿಟ್ಟು ಉಳಿದ 24 ಅಂಕಿಗಳ ಸರಾಸರಿ. ಮನೆಯ ಸರಾಸರಿ 135/85 ದಾಟಿದರೆ ಬ್ರಿಟನ್, ಯುರೋಪಿನ ಲೆಕ್ಕದಲ್ಲಿ ಅಧಿಕ ರಕ್ತದೊತ್ತಡ. ಅಮೆರಿಕದಲ್ಲಿ ಗೆರೆ 130/80.

ಇನ್ನು ಎಲ್ಲಿ ಎಡವುತ್ತೆ. ಮೊದಲು 152 ಬರುತ್ತೆ, ‘ಮೆಷಿನ್ ಸರಿಯಿಲ್ಲ’. ಮತ್ತೆ 147, ‘ಈಗಷ್ಟೇ ಬಂದೆ’. ಆರನೇ ಸಲ 134 ಬರುತ್ತೆ, ಅದನ್ನು ಬರೆದುಕೊಳ್ತಾನೆ. ಚೀಟಿ ತುಂಬ 134, 132, 133 ಇದ್ದು ಕೊನೆಯಂಕಿ ಎಲ್ಲೂ 7, 9 ಇಲ್ಲದಿದ್ದರೆ ಆರಿಸಿ ಬರೆದದ್ದು ಅಂತ ತಿಳೀರಿ. ಬೈಯಬೇಡಿ. ಯಂತ್ರದ ನೆನಪಿನ ಗುಂಡಿ ಒತ್ತಿ ಇಬ್ಬರೂ ಕೂತು ನೋಡಿ, ಅಷ್ಟೇ. ಬಡಿತದ ತಾಳ ಏರುಪೇರಿದ್ದರೆ ಯಂತ್ರದ ಅಂಕಿ ನಂಬೋ ಹಾಗಿಲ್ಲ, ಮೊದಲು ಇಸಿಜಿ.

180/120 ದಾಟಿದರೆ ಐದು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಹಾಗೇ ಇದ್ದು ಎದೆನೋವು, ಉಸಿರಾಟದ ತೊಂದರೆ, ಒಂದು ಕಡೆ ಬಲಹೀನತೆ, ಮಾತು ತೊದಲೋದು, ಕಣ್ಣು ಮಂಜಾಗೋದು ಯಾವುದಾದರೂ ಇದ್ದರೆ ತುರ್ತು ಕರೆ. ಏನೂ ಇಲ್ಲದಿದ್ದರೆ ಅದೇ ದಿನ ಡಾಕ್ಟರಿಗೆ ಫೋನ್. ಅಂಕಿ ನೋಡಿ ಗಾಬರಿಯಾಗಿ ಎರಡು ಮಾತ್ರೆ ಒಟ್ಟಿಗೆ ನುಂಗಬಾರದು.

ಮಾತ್ರೆಡಬ್ಬಿ:
ಮಾತ್ರೆಗಳ ಕಡೆ ಬರ್ತೀನಿ. ವಲಸೆ ಹೋದವರ ಚೀಲದಲ್ಲಿ ಎರಡು ದೇಶದ ಮಾತ್ರೆ ಇರುತ್ತೆ. ಬ್ರ್ಯಾಂಡ್ ಬೇರೆ, ಒಳಗಿರೋದು ಒಂದೇ. ಹೆಸರಿನ ಬಾಲ ನೋಡೋದು ಕಲಿಸಿ: ‘ಸಾರ್ಟಾನ್’, ‘ಪ್ರಿಲ್’, ‘ಡಿಪಿನ್’, ‘ಓಲಾಲ್’, ‘ಸ್ಟಾಟಿನ್’. ಮೊದಲ ನಾಲ್ಕು ಬಿಪಿಗೆ, ಕೊನೆಯದು ಕೊಲೆಸ್ಟ್ರಾಲಿಗೆ. ಒಂದೇ ಬಾಲದ ಎರಡು ಡಬ್ಬಿ ಇದ್ದರೆ ಒಂದು ಹೆಚ್ಚಾಯಿತು ಅಂತ. ‘ಸಾರ್ಟಾನ್’ ಮತ್ತು ‘ಪ್ರಿಲ್’ ಒಟ್ಟಿಗೂ ಇರಬಾರದು. ಕೊಲೆಸ್ಟ್ರಾಲಿಗೆ ‘ನೈಸರ್ಗಿಕ’ ಅಂತ ಮಾರೋ ಕೆಂಪು ಯೀಸ್ಟ್ ಅಕ್ಕಿಯ ಕ್ಯಾಪ್ಸೂಲಿನಲ್ಲಿರೋ ಮೊನಕೋಲಿನ್-ಕೆ ಅಂದರೆ ಲೋವಾಸ್ಟಾಟಿನ್ನೇ. ಸ್ಟಾಟಿನ್ ಜೊತೆ ತಗೊಂಡರೆ ಎರಡು ಪಟ್ಟಾಗುತ್ತೆ.

ಮಾತ್ರೆ ಬಿಟ್ಟ ಕಾರಣವನ್ನು ಗಂಡಸು ‘ಮರೆತೆ’ ಅಂತಾನೆ. ನಿಜವಾದ ಕಾರಣ ಬೇರೆ ಇರುತ್ತೆ, ಅದನ್ನು ನಾವೇ ಬಾಯಿಗೆ ತಂದು ಕೊಡಬೇಕು:

ಮೂತ್ರದ ಮಾತ್ರೆ (ಮೂತ್ರ ಹೆಚ್ಚಿಸಿ ಬಿಪಿ ಇಳಿಸೋದು) ತಗೊಂಡರೆ ಟ್ಯಾಕ್ಸಿ, ಲಾರಿ ಓಡಿಸೋರಿಗೆ ದಾರಿಯಲ್ಲಿ ಶೌಚಾಲಯ ಸಿಗಲ್ಲ, ಅದಕ್ಕೇ ಬಿಡ್ತಾರೆ. ಕೆಲಸ ಮುಗಿದ ಮೇಲೆ ತಗೊಳ್ಳೋ ಹಾಗೆ ಅಥವಾ ಬೇರೆ ವರ್ಗಕ್ಕೆ ಬದಲಿಸೋ ಹಾಗೆ ಕೇಳಿ. ಅಮ್ಲೋಡಿಪಿನ್‌ನಿಂದ ಪಾದ ಊದಿ ಸೇಫ್ಟಿ ಶೂ ಹಿಡಿಸಲ್ಲ. ‘ಪ್ರಿಲ್’ ವರ್ಗದಿಂದ ಒಣಕೆಮ್ಮು ಬರುತ್ತೆ, ಪೂರ್ವ ಏಷ್ಯಾ ಮೂಲದವರಲ್ಲಿ ಇನ್ನೂ ಹೆಚ್ಚು, ‘ಸಾರ್ಟಾನ್’ಗೆ ಬದಲಿಸಿದರೆ ನಿಲ್ಲುತ್ತೆ. ಆಫ್ರಿಕಾ ಮೂಲದವರಲ್ಲಿ ಅದೇ ವರ್ಗದಿಂದ ತುಟಿ, ನಾಲಗೆ ಊದಿಕೊಳ್ಳೋ ಅಪಾಯ ಹೆಚ್ಚು, ಅದು ತುರ್ತು ಸ್ಥಿತಿ. ‘ಓಲಾಲ್’ ಮಾತ್ರ ದಿಢೀರನೆ ನಿಲ್ಲಿಸಲೇಬಾರದು, ಬಡಿತ ಮತ್ತು ಬಿಪಿ ಚಿಮ್ಮಿ ಎದೆನೋವು ಬರಬಹುದು.

‘ಸ್ಟಾಟಿನ್ ತಗೊಂಡರೆ ತೋಳಿನ ಬಲ ಹೋಗುತ್ತೆ’ ಅನ್ನೋದು ದೈಹಿಕ ದುಡಿಮೆಯವರ ದೊಡ್ಡ ಭಯ. 2020ರ ಸ್ಯಾಮ್ಸನ್ ಪ್ರಯೋಗದಲ್ಲಿ ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ಕೆಲವು ತಿಂಗಳು ಸ್ಟಾಟಿನ್, ಕೆಲವು ತಿಂಗಳು ಔಷಧವಿಲ್ಲದ ಹುಸಿ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲದೆ ನೋಡಿದರು. ಸ್ಟಾಟಿನ್ ತಿಂಗಳಲ್ಲಿ ಕಂಡ ತೊಂದರೆಯ 90 ಶೇಕಡಾದಷ್ಟು ಹುಸಿ ಮಾತ್ರೆಯಲ್ಲೂ ಇತ್ತು. ಹಾಗಂತ ಎಲ್ಲ ಭ್ರಮೆ ಅಂತ ತಳ್ಳಿಹಾಕಬೇಡಿ. ನೋವು ತೀವ್ರವಾಗಿ, ಮೂತ್ರ ಕಪ್ಪಗಾದರೆ ಮಾತ್ರೆ ನಿಲ್ಲಿಸಿ ಅವತ್ತೇ ತೋರಿಸಬೇಕು.

ಬೆನ್ನುನೋವಿನ ಮಾತ್ರೆಯನ್ನು ಯಾರೂ ಔಷಧ ಅಂತ ಲೆಕ್ಕಕ್ಕೇ ತಗೊಳ್ಳಲ್ಲ. ಐಬುಪ್ರೊಫೆನ್, ಡೈಕ್ಲೊಫೆನಾಕ್ ದಿನಾ ತಗೊಂಡರೆ ಬಿಪಿ ಏರುತ್ತೆ. ‘ಪ್ರಿಲ್’ ಅಥವಾ ‘ಸಾರ್ಟಾನ್’, ಮೂತ್ರದ ಮಾತ್ರೆ, ಇವುಗಳ ಮೇಲೆ ಐಬುಪ್ರೊಫೆನ್ ಬಿದ್ದರೆ ಕಿಡ್ನಿಗೆ ಮೂರು ಕಡೆಯಿಂದ ಪೆಟ್ಟು, ಅದರಲ್ಲೂ ಬಿಸಿಲಲ್ಲಿ ಬೆವರಿದ ದಿನ. ನೀರಲ್ಲಿ ಬುಸ್ಸೆಂದು ಕರಗೋ ಪ್ಯಾರಸಿಟಮಾಲ್ ಮಾತ್ರೆಯ ಒಂದೊಂದರಲ್ಲೂ ಸುಮಾರು 400 ಮಿ.ಗ್ರಾಂ ಸೋಡಿಯಂ ಇರುತ್ತೆ. ದಿನಕ್ಕೆ 8 ತಗೊಂಡರೆ 3 ಗ್ರಾಂ ದಾಟಿತು, ದಿನದ ಮಿತಿಯೇ 2 ಗ್ರಾಂ ಸೋಡಿಯಂ, ಅಂದರೆ 5 ಗ್ರಾಂ ಉಪ್ಪು. ಊಟದಲ್ಲಿ ಉಪ್ಪು ಬಿಟ್ಟು ಇದನ್ನು ಕುಡಿಯೋರು ಇದ್ದಾರೆ. ಪೊಟ್ಟಣದ ಮೇಲೆ ಸೋಡಿಯಂ ಅಂತಿದ್ದರೆ 2.5ರಿಂದ ಗುಣಿಸಿ, ಉಪ್ಪು ಎಷ್ಟು ಅಂತ ಸಿಗುತ್ತೆ.

ಎದೆಬಡಿತ:
ಮಾತ್ರೆಡಬ್ಬಿಯವರೇ, ಮುಖ್ಯವಾದದ್ದನ್ನು ಬಿಟ್ಟಿರಿ. ಬಿಪಿ ಮಾತ್ರೆ ಗುಟ್ಟಾಗಿ ನಿಲ್ಲಿಸೋದಕ್ಕೆ ದೊಡ್ಡ ಕಾರಣ ಹಾಸಿಗೆಯದ್ದು.

ಮಾತ್ರೆಡಬ್ಬಿ:
ಬೇಕಂತಲೇ ಬೇರೆ ಇಟ್ಟಿದ್ದೆ, ಅದಕ್ಕೆ ಸ್ವಂತ ಜಾಗ ಬೇಕು.

ನಿಮಿರುವಿಕೆಯ ತೊಂದರೆ ಬರೀ ಹಾಸಿಗೆಯ ವಿಷಯವಲ್ಲ, ರಕ್ತನಾಳದ ವಿಷಯ. ಶಿಶ್ನದ ಅಪಧಮನಿಗಳು 1-2 ಮಿ.ಮೀ., ಹೃದಯದ್ದು 3-4 ಮಿ.ಮೀ. ಸಣ್ಣ ಕೊಳವೆ ಮೊದಲು ಕಟ್ಟುತ್ತೆ, ಹಾಗಾಗಿ ಎಷ್ಟೋ ಜನರಲ್ಲಿ ಈ ತೊಂದರೆ ಹೃದಯದ ಲಕ್ಷಣಕ್ಕಿಂತ ಎರಡರಿಂದ ಐದು ವರ್ಷ ಮುಂಚೆ ಕಾಣುತ್ತೆ. ಹೃದಯದ ಅಪಾಯ ಎಷ್ಟು ಅಂತ ಅಂದಾಜಿಸೋ ಬ್ರಿಟನ್ನಿನ ಕ್ಯೂರಿಸ್ಕ್-3 ಲೆಕ್ಕದಲ್ಲಿ ಇದಕ್ಕೇ ಒಂದು ಕಾಲಂ ಇದೆ. ನಲವತ್ತರ ಗಂಡಸು ಇದನ್ನು ಹೇಳಿಕೊಂಡರೆ ಕೊಡಬೇಕಾದ್ದು ಬರೀ ಸಿಲ್ಡೆನಾಫಿಲ್ (ವಯಾಗ್ರ) ಚೀಟಿ ಅಲ್ಲ. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಎಲ್ಲ ನೋಡಬೇಕು.

ಅವನು ತಾನಾಗಿ ಹೇಳಲ್ಲ. ‘ಈ ಮಾತ್ರೆ ತಗೊಳ್ಳೋ ಕೆಲವರಿಗೆ ಹಾಗಾಗುತ್ತೆ, ಆದರೆ ಬದಲಿಸಬಹುದು’ ಅಂತ ಮಾತ್ರೆ ಕೊಡುವಾಗಲೇ ನಾವು ಹೇಳಿಬಿಡಬೇಕು. ಥಯಾಜೈಡ್ ಮೂತ್ರದ ಮಾತ್ರೆ, ಅಟೆನೊಲಾಲ್‌ನಂಥ ಹಳೆಯ ಮಾತ್ರೆಗಳಲ್ಲಿ ದೂರು ಹೆಚ್ಚು. ನೆಬಿವೊಲಾಲ್, ‘ಸಾರ್ಟಾನ್’ಗಳಲ್ಲಿ ಕಡಿಮೆ.

ಆನ್‌ಲೈನಿನ ‘ಶಕ್ತಿವರ್ಧಕ’ಗಳಲ್ಲಿ ಲೇಬಲ್ಲಿಗೆ ಹಾಕದೆ ಸಿಲ್ಡೆನಾಫಿಲ್ ಬೆರೆಸಿರೋದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಷ್ಟೋ ಸಲ ಹಿಡಿದಿದೆ. ಎದೆನೋವಿಗೆ ನಾಲಗೆ ಕೆಳಗಿಡೋ ನೈಟ್ರೇಟ್ ಇದರ ಮೇಲೆ ಬಿದ್ದರೆ ಬಿಪಿ ಕುಸಿದು ಪ್ರಾಣಕ್ಕೇ ಬರುತ್ತೆ. ಸಿಲ್ಡೆನಾಫಿಲ್ ತಗೊಂಡು 24 ಗಂಟೆ, ಅದೇ ಬಗೆಯ ಟಡಾಲಫಿಲ್ ಆದರೆ 48 ಗಂಟೆ ನೈಟ್ರೇಟ್ ಕೂಡದು. ಆಂಬುಲೆನ್ಸಿನವರು ಕೇಳಿದಾಗ ಹೆಂಡತಿ ಅಥವಾ ಮಗ ಎದುರಿಗಿದ್ದರೆ ‘ಏನೂ ತಗೊಂಡಿಲ್ಲ’ ಅಂತಾನೆ. ಆ ಪ್ರಶ್ನೆಗೆ ಮನೆಯವರನ್ನು ಅರ್ಧ ನಿಮಿಷ ಆಚೆ ಕಳಿಸಿ.

ದುಭಾಷಿ:
ಮಕ್ಕಳನ್ನು ದುಭಾಷಿ ಮಾಡಬೇಡಿ ಅನ್ನೋದೂ ಇದಕ್ಕೇ. ಮಗಳ ಮುಂದೆ ಯಾವ ಅಪ್ಪ ಹೇಳ್ತಾನೆ? ಸಿಗರೇಟಿನ ಲೆಕ್ಕ ಕೂಡ ಅರ್ಧ ಆಗುತ್ತೆ. ಅಪಾಯಿಂಟ್‌ಮೆಂಟ್ ಬುಕ್ ಮಾಡುವಾಗಲೇ ದುಭಾಷಿ ಕೇಳಿ, ಹೋದ ಮೇಲೆ ಕೇಳಿದರೆ ಸಿಗಲ್ಲ. ಸಮುದಾಯ ಚಿಕ್ಕದಾಗಿದ್ದರೆ ಫೋನ್ ದುಭಾಷಿ ಮೇಲು, ಮುಖ ಕಾಣಲ್ಲ, ಊರವನಲ್ಲ. ಸಿಗೋದು ಹತ್ತು ನಿಮಿಷ, ಅನುವಾದಕ್ಕೆ ಅರ್ಧ ಹೋಗುತ್ತೆ, ಹಾಗಾಗಿ ದೊಡ್ಡ ವಿಷಯ ಮೊದಲು. ಬಾಗಿಲ ಹಿಡಿಕೆ ಹಿಡಿದು ‘ಅಂದಹಾಗೆ ಡಾಕ್ಟ್ರೇ, ಎದೆ ಸ್ವಲ್ಪ…’ ಅನ್ನೋದು ಗಂಡಸರ ಅಭ್ಯಾಸ.

ರಾತ್ರಿಪಾಳಿ:
ಪಾಳಿ ಕೆಲಸದವರ ಪ್ರಶ್ನೆ ಒಂದೇ: ‘ಬೆಳಿಗ್ಗೆ ಮಾತ್ರೆ ಅಂದರೆ ಯಾವ ಬೆಳಿಗ್ಗೆ?’ 21 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ‘ಟೈಮ್’ ಅನ್ನೋ ಹೆಸರಿನ ಪ್ರಯೋಗ 2022ರಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. ಬಿಪಿ ಮಾತ್ರೆ ಬೆಳಿಗ್ಗೆ ತಗೊಂಡರೂ ಸಂಜೆ ತಗೊಂಡರೂ ಹೃದಯಾಘಾತ, ಪಾರ್ಶ್ವವಾಯುವಿನಲ್ಲಿ ವ್ಯತ್ಯಾಸ ಬರಲಿಲ್ಲ. ಹಾಗಾಗಿ ಗಡಿಯಾರಕ್ಕಲ್ಲ, ಎದ್ದ ಮೇಲೆ ಹಲ್ಲುಜ್ಜೋದಕ್ಕೆ ಕಟ್ಟಿಹಾಕಿ.

‘ದಿನಾ ಮೈಮುರಿದು ದುಡೀತೀನಿ, ವ್ಯಾಯಾಮ ಯಾಕೆ?’ ಅನ್ನೋದಕ್ಕೂ ಉತ್ತರ ಇದೆ. ಕೋಪನ್‌ಹೇಗನ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿ 2021ರಲ್ಲಿ ಬಂದ ಅಧ್ಯಯನದಲ್ಲಿ ಬಿಡುವಿನ ವೇಳೆಯ ಚಟುವಟಿಕೆ ಹೃದಯದ ಅಪಾಯ ಇಳಿಸಿತ್ತು, ಕೆಲಸದ ಮೈದುಡಿಮೆ ಏರಿಸಿತ್ತು. ಭಾರ ಎತ್ತೋದು, ಉಸಿರು ಬಿಗಿಹಿಡಿಯೋದು, ಎಂಟು ಹತ್ತು ಗಂಟೆ ವಿಶ್ರಾಂತಿ ಇಲ್ಲದೆ ಬಿಪಿ ಮೇಲೇ ಇರೋದು ಇದಕ್ಕೆ ಕಾರಣ ಅಂತಾರೆ. ಅಂಥವರಿಗೆ ಬೇಕಾದ್ದು ವಾರಕ್ಕೆ 150 ನಿಮಿಷ, ಮಾತಾಡಬಹುದು ಆದರೆ ಹಾಡೋಕಾಗಲ್ಲ ಅನ್ನೋ ವೇಗದ ನಡಿಗೆ. ಹತ್ತು ಹತ್ತು ನಿಮಿಷದ ತುಂಡಾದರೂ ಸರಿ. ಸುಸ್ತಾದವನಿಗೆ ಜಿಮ್ ಬೇಡ.

ತಂಬಾಕು: ‘ಸೇದಲ್ಲ’ ಅಂದವರಿಗೆ ‘ಅಗಿಯೋದು, ಹಲ್ಲಿನ ಸಂದಿಯಲ್ಲಿಡೋದು?’ ಅಂತ ಇನ್ನೊಂದು ಪ್ರಶ್ನೆ ಬೇಕು. ದಿನಕ್ಕೆ 10ಕ್ಕಿಂತ ಹೆಚ್ಚು ಸೇದೋರಿಗೆ ನಿಕೋಟಿನ್ ಪ್ಯಾಚ್ 21 ಮಿ.ಗ್ರಾಂ ಆರು ವಾರ, 14 ಎರಡು ವಾರ, 7 ಎರಡು ವಾರ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟ್ ಹಚ್ಚೋರಿಗೆ ಚೂಯಿಂಗ್ ಗಮ್ 4 ಮಿ.ಗ್ರಾಂ., ಉಳಿದವರಿಗೆ 2. ಗಮ್ ಸೋಲೋದು ಅಗಿಯೋ ರೀತಿಯಲ್ಲಿ. ಖಾರ ಬರೋ ತನಕ ಅಗಿದು ಕೆನ್ನೆ ಪಕ್ಕ ಇಟ್ಟುಕೊಳ್ಳಬೇಕು, ಖಾರ ಹೋದ ಮೇಲೆ ಮತ್ತೆ ಅಗಿಯಬೇಕು. ಸುಮ್ಮನೆ ಅಗೀತಾ ಹೋದರೆ ನಿಕೋಟಿನ್ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ‘ಇದು ನನಗೆ ಆಗಲ್ಲ’ ಅಂತ ಬಿಸಾಡ್ತಾರೆ.

ಒರಟುಮಾತು:
ಸರಿ, ಅಂಕಿಗೆ ಬೆಲೆ ಇದೆ ಅಂತ ಒಪ್ಪಿದೆ. ಆದರೆ ಕ್ಲಿನಿಕ್ಕಿಗೇ ಬಾರದವನಿಗೆ ಈ ಬುದ್ಧಿ ಯಾರು ಹೇಳ್ತಾರೆ?

ಹೆಜ್ಜೆಲೆಕ್ಕ:
ಅವನು ಹೇಗೂ ಹೋಗೋ ಜಾಗಕ್ಕೆ ಹೋಗಬೇಕು. ಲಾಸ್ ಏಂಜಲಿಸ್‌ನ 52 ಕ್ಷೌರದಂಗಡಿಗಳಲ್ಲಿ 319 ಕಪ್ಪು ಗಂಡಸರ ಮೇಲೆ ನಡೆದ ಪ್ರಯೋಗ 2018ರಲ್ಲಿ ಪ್ರಕಟವಾಯ್ತು. ಅವರು ವಲಸಿಗರು ಅಂತಲ್ಲ, ಆದರೆ ಪಾಠ ಇಲ್ಲಿಗೂ ಹೊಂದುತ್ತೆ. ಕ್ಷೌರಿಕ ‘ಡಾಕ್ಟರ ಹತ್ತಿರ ಹೋಗಿ’ ಅಂತ ಹೇಳಿದ ಗುಂಪಿನಲ್ಲಿ ಆರು ತಿಂಗಳಿಗೆ ಮೇಲಿನ ಬಿಪಿ 9.3 ಇಳಿಯಿತು. ಫಾರ್ಮಸಿಸ್ಟ್ ಅಂಗಡಿಗೇ ಬಂದು ಅಲ್ಲೇ ಮಾತ್ರೆ ಬರೆದುಕೊಟ್ಟ ಗುಂಪಿನಲ್ಲಿ 27. ಅಂತರ ಎಲ್ಲಿದೆ ನೋಡಿ. ನಂಬಿಕೆಯ ಜಾಗ ಬಾಗಿಲು ತೆರೆಯಿತು, ಕೆಲಸ ಮಾಡಿದ್ದು ಮಾತ್ರೆ. ಬರೀ ಶಿಬಿರ ಹಾಕಿ ಅಂಕಿ ಬರೆದುಕೊಟ್ಟು ಕಳಿಸಿದರೆ 9.3ರ ದಾರಿ. ಸ್ಕಾಟ್ಲೆಂಡಿನ ಫುಟ್‌ಬಾಲ್ ಕ್ಲಬ್ಬುಗಳಲ್ಲಿ 747 ಗಂಡಸರ ತೂಕ ಇಳಿಸೋ ಪ್ರಯೋಗವೂ ಹೀಗೇ. ಒಂದು ವರ್ಷದ ಮೇಲೂ ತರಬೇತಿ ಸಿಕ್ಕ ಗುಂಪಿಗೂ ಸಿಗದ ಗುಂಪಿಗೂ ನಡುವೆ ಸುಮಾರು 5 ಕೆ.ಜಿ. ಅಂತರ ಉಳಿದಿತ್ತು.

ಗಂಡಸರು ಸೇರೋ ಜಾಗದಲ್ಲಿ ಬಿಪಿ ಮೂಲೆ ಮಾಡೋದಾದರೆ: ಬೆನ್ನಾಸರೆ ಇರೋ ಕುರ್ಚಿ, ಮೇಜು, ಎರಡು ಅಳತೆಯ ಪಟ್ಟಿ, ಮುಖ ಗೋಡೆ ಕಡೆ. ಅಂಕಿಯನ್ನು ಗಟ್ಟಿಯಾಗಿ ಓದಬೇಡಿ. ಓದಿದ ಕ್ಷಣ ಅದು ಪಂದ್ಯ ಆಗುತ್ತೆ, ಹೆಚ್ಚು ಬಂದವನು ಮತ್ತೆ ಆ ಕಡೆ ಸುಳಿಯಲ್ಲ. ಚೀಟಿಯಲ್ಲಿ ಬರೆದು ಮಡಿಸಿ ಕೊಡಿ, ಹೆಚ್ಚಿದ್ದವನಿಗೆ ಅಲ್ಲೇ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತಾರೀಖನ್ನೂ ಅದೇ ಚೀಟಿಯಲ್ಲಿ ಬರೆಯಿರಿ.

ಹೃದಯಾಘಾತ ಆದವರಿಗೆ ಪುನಶ್ಚೇತನ ತರಗತಿ ಇರುತ್ತೆ, ಅಮೆರಿಕದಲ್ಲಿ ಸಾಮಾನ್ಯವಾಗಿ 36 ತರಗತಿ. ‘ಅದು ಮುದುಕರಿಗೆ’ ಅಂತ ತಪ್ಪಿಸಿಕೊಳ್ತಾರೆ. ಕೆಲಸಕ್ಕೆ ವಾಪಸ್ ಹೋಗೋ ತಯಾರಿ ಅಂತ ಹೇಳಿ, ನಿಜವೂ ಅದೇ. ‘ಓಲಾಲ್’ ತಗೊಳ್ಳೋರು ವಾಚಿನ ಬಡಿತದ ಗುರಿ ನೋಡಬಾರದು, ಬಡಿತ ಅಷ್ಟಾಗಿ ಏರಲ್ಲ. ಮಾತಾಡೋಕಾಗುತ್ತಾ ಅನ್ನೋದೇ ಅಳತೆ. ತರಗತಿಯ ಕೊನೆಗೆ ಮೈ ತಣಿಸುವ ಹತ್ತು ನಿಮಿಷ ತಪ್ಪಿಸಿ ಹೊರಟುಬಿಟ್ಟರೆ ತಲೆ ಸುತ್ತಿ ಬೀಳ್ತಾರೆ. ಮತ್ತೆ ಯಾರೂ ಕೇಳದ ಪ್ರಶ್ನೆ, ಹೆಂಡತಿ ಜೊತೆ ಯಾವಾಗ? ಎರಡು ಮಹಡಿ ಮೆಟ್ಟಿಲನ್ನು ಎದೆನೋವು, ಏದುಸಿರು ಇಲ್ಲದೆ ಹತ್ತೋಕಾದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ.

ಎದೆಬಡಿತ:
ಹಳೆಯ ರಿಪೋರ್ಟ್ ತಂದಾಗ ಆಗೋ ಗೊಂದಲವನ್ನೂ ಸೇರಿಸ್ತೀನಿ. ಅಳತೆಯ ಮಾನ ಬೇರೆ. ಒಂದು ದೇಶದಲ್ಲಿ ಮಿ.ಗ್ರಾಂ/ಡಿಎಲ್, ಇನ್ನೊಂದರಲ್ಲಿ ಮಿಲಿಮೋಲ್/ಲೀಟರ್. ‘ಅಲ್ಲಿ 240 ಇತ್ತು, ಇಲ್ಲಿ ಬರೀ 6.2, ವಾಸಿಯಾಗಿದೆ’ ಅಂತ ಮಾತ್ರೆ ಬಿಡ್ತಾರೆ, ಎರಡೂ ಒಂದೇ ಅಂಕಿ! ಕೊಲೆಸ್ಟ್ರಾಲ್ 38.67ರಿಂದ, ಟ್ರೈಗ್ಲಿಸರೈಡ್ 88.57ರಿಂದ, ಸಕ್ಕರೆ 18ರಿಂದ ಭಾಗಿಸಿ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ) 6.5 ಶೇಕಡಾ ಅಂದರೆ 48 ಮಿಲಿಮೋಲ್/ಮೋಲ್. ಥಲಸೀಮಿಯಾ, ಸಿಕಲ್ ಸೆಲ್ ಅನ್ನೋ ವಂಶದಿಂದ ಬರೋ ರಕ್ತದ ಗುಣ ಇರೋರಲ್ಲಿ ಎಚ್‌ಬಿಎ1ಸಿ ತಪ್ಪು ತೋರಿಸಬಹುದು, ಖಾಲಿ ಹೊಟ್ಟೆಯ ಸಕ್ಕರೆ ಜೊತೆ ತಾಳೆ ನೋಡಿ. ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರೋ ಲಿಪೊಪ್ರೋಟೀನ್-ಎ ಪರೀಕ್ಷೆ ಜೀವಮಾನದಲ್ಲಿ ಒಂದು ಸಲ ಸಾಕು, 50 ಮಿ.ಗ್ರಾಂ/ಡಿಎಲ್ ಅಥವಾ 125 ನ್ಯಾನೊಮೋಲ್/ಲೀಟರ್ ದಾಟಿದರೆ ಹೆಚ್ಚು. ಅದು ಹುಟ್ಟಿನಿಂದ ಬಂದದ್ದು, ಪಥ್ಯದಿಂದ ಇಳಿಯಲ್ಲ. ‘ನಿಮ್ಮ ತಪ್ಪಲ್ಲ’ ಅಂತ ಹೇಳೋಕೆ ಸಿಗೋ ಒಂದೇ ಪರೀಕ್ಷೆ.

ದುಭಾಷಿ:
ಮನೆತನದ ಚರಿತ್ರೆಯೂ ಬೇಕಲ್ಲ. ಫಾರಂನಲ್ಲಿ ‘ಕುಟುಂಬದಲ್ಲಿ ಹೃದಯರೋಗ?’ ಅಂತಿರುತ್ತೆ, ಇವನು ‘ಇಲ್ಲ’ ಅಂತ ಗೀಚ್ತಾನೆ. ಊರಲ್ಲಿ ಯಾರೂ ಹೃದಯರೋಗ ಅಂದಿರಲ್ಲ, ‘ಹಠಾತ್ತಾಗಿ ಹೋದರು’ ಅಂದಿರ್ತಾರೆ. ಊರಿಗೆ ಫೋನ್ ಮಾಡಿದಾಗ ಮೂರೇ ಪ್ರಶ್ನೆ ಕೇಳಿಸಿ: ಆಗ ವಯಸ್ಸೆಷ್ಟು? ಕುಸಿದು ಎಷ್ಟು ಹೊತ್ತಿಗೆ ಹೋದರು? ಅದಕ್ಕೆ ಮುಂಚಿನ ವಾರ ಎದೆ ಉರಿ, ಏದುಸಿರು, ಕೈ ಜೋಮು ಅಂದಿದ್ದರಾ? ಅಪ್ಪ ಅಥವಾ ಅಣ್ಣತಮ್ಮ 55ಕ್ಕಿಂತ ಮುಂಚೆ, ಅಮ್ಮ ಅಥವಾ ಅಕ್ಕತಂಗಿ 65ಕ್ಕಿಂತ ಮುಂಚೆ ಹೃದಯರೋಗಕ್ಕೆ ಗುರಿಯಾಗಿದ್ದರೆ ಡಾಕ್ಟರಿಗೆ ಅದು ಮುಖ್ಯ. ವಯಸ್ಸು ಯಾರಿಗೂ ನೆನಪಿಲ್ಲದಿದ್ದರೆ, ‘ಆಗ ನಾನು ಎಷ್ಟನೇ ಕ್ಲಾಸಿನಲ್ಲಿದ್ದೆ?’ ಅಂತ ಹಿಂದಿನಿಂದ ಲೆಕ್ಕ ಹಾಕಬಹುದು.

ಒರಟುಮಾತು:
ಈ ಮೂರು ಪ್ರಶ್ನೆ ಮತ್ತೆ ತುರ್ತು ಕರೆಯ ಕ್ರಮ, ಎರಡನ್ನೂ ಒಂದೇ ಹಾಳೆಯಲ್ಲಿ ಹಾಕಿ ಕೊಡಿ ಸಾರ್. ಅಂಗಡಿಯ ಕನ್ನಡಿ ಪಕ್ಕ ಅಂಟಿಸೋದು ನನ್ನ ಕೆಲಸ.

ಅಳತೆಪಟ್ಟಿ:
ಹಾಕ್ತೀನಿ. ವಿಳಾಸದ ಜಾಗ ಖಾಲಿ ಬಿಡ್ತೀನಿ, ಅಂಟಿಸೋ ಮುಂಚೆ ಮಹಡಿ ನಂಬರ್ ಸಮೇತ ದಪ್ಪ ಪೆನ್ನಿನಲ್ಲಿ ತುಂಬಿಸಿ.